ಅವನ ಸಾಲಕ್ಕೆ ನನ್ನನ್ನ ಯಾಕೆ ಕರೀತೀರಿ?



ಎರಡು ವರ್ಷದ ಹಿಂದೆ ನಮ್ಮ ಕಚೇರಿ ಬಿಟ್ಟುಹೋದ ಡಾಟಾ ಎಂಟ್ರಿ ಆಪರೇಟರ್ ಹುಡುಗನೊಬ್ಬನ ಹೆಸರು ಹಿಡಿದು ಕಚೇರಿಯ ಲ್ಯಾಂಡ್‌ಲೈನಿಗೆ ಸಾಲ ವಸೂಲಿಯವರ ಫೋನ್ ಶುರುವಾಗಿದೆ. ದಿನಕ್ಕೆ ನಾಲ್ಕೈದು ಸಲ. ಫೋನ್ ಇರೋದು ಸೂಪರಿಂಟೆಂಡೆಂಟ್ ಮೇಜಿನ ಮೇಲೆ. ಅವರು ರಿಸೀವರ್ ಎತ್ತಿ ಹಿಡಿದು ಇಡೀ ಸೆಕ್ಷನ್ನಿಗೆ ಕೇಳೋ ಹಾಗೆ ಕರೀತಾರೆ: "ಬನ್ನಿ ಸಾರ್, ನಿಮ್ಮವನ ಫೋನು."

ಆ ಹುಡುಗ ನನ್ನ ಸೆಕ್ಷನ್ನಲ್ಲಿ ಇರಲಿಲ್ಲ. ಅವನ ಹಾಜರಾತಿ ನೋಡುತ್ತಿದ್ದವರು ಬೇರೆ. ಊರು ಬೇರೆ, ತಾಲ್ಲೂಕು ಬೇರೆ. ನಮ್ಮಿಬ್ಬರಿಗೂ ಒಂದೇ ಆಗಿರೋದು ಜಾತಿ. ಇದೇ ಕಚೇರಿಯಲ್ಲಿ ಬೇರೆಯವರಿಗೆ ಸೊಸೈಟಿ ಸಾಲದ ನೋಟಿಸ್ ಬಂದಿದೆ. ಮುಚ್ಚಿದ ಲಕೋಟೆಯಲ್ಲೇ ಅವರ ಡ್ರಾಯರ್ ಸೇರಿದೆ. ಅವರ ಜಾತಿಯವರನ್ನ ಹುಡುಕಿ ಯಾರೂ ಕೈಗೆ ಕೊಟ್ಟಿಲ್ಲ. ನಮ್ಮವರ ಸಾಲಕ್ಕೆ ಮಾತ್ರ ಸಹಿ ಹಾಕದೇನೇ ನಾವೆಲ್ಲ ಜಾಮೀನುದಾರರು.

ಸಾಲ ಹುಟ್ಟಿದ್ದು ಹೇಗೆ ಅಂತಾನೂ ಹೇಳಬೇಕು. ಹೊರಗುತ್ತಿಗೆ ಏಜೆನ್ಸಿಯವರು ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಕೇಳಿದರೆ ಇಲಾಖೆಯಿಂದ ಬಿಲ್ ಆಗಿಲ್ಲ ಅನ್ನೋರು, ಇಲಾಖೆಯಲ್ಲಿ ಕೇಳಿದರೆ ಏಜೆನ್ಸಿಯವರನ್ನ ಕೇಳಿ ಅನ್ನೋರು. ರೂಮ್ ಬಾಡಿಗೆಗೆ, ಊಟಕ್ಕೆ ಅಂತ ಅವನು ಮೊಬೈಲಿನಲ್ಲೇ ಸಾಲ ತೆಗೆದ. ಅರ್ಜಿಯಲ್ಲಿ ಕಚೇರಿ ನಂಬರ್ ಕೇಳಿದರು, ಬರೆದ. ಆಮೇಲೆ ಟೆಂಡರ್ ಬೇರೆ ಏಜೆನ್ಸಿಗೆ ಹೋಯಿತು, ಇವನ ಕೆಲಸವೂ ಹೋಯಿತು. ನಾಲ್ಕು ತಿಂಗಳ ಕೂಲಿ ಬಾಕಿ ಇಟ್ಟುಕೊಂಡ ಏಜೆನ್ಸಿಯ ಮಾಲೀಕನ ಮನೆಗೆ ಇವತ್ತಿನವರೆಗೆ ಒಬ್ಬ ವಸೂಲಿಗಾರನೂ ಫೋನ್ ಮಾಡಿಲ್ಲ. ಕಂತು ಕಟ್ಟದ ಹುಡುಗನ ಹಳೇ ಕಚೇರಿಗೆ ದಿನಾ ಫೋನು.

ಫೋನ್ ಮಾಡೋರು ಮೊದಲು ನಯವಾಗಿ ಶುರು ಮಾಡ್ತಾರೆ. "ಪರ್ಸನಲ್ ವಿಷಯ ಸಾರ್, ಅವರ ಹೊಸ ನಂಬರ್ ಕೊಡಿ." ಕೊಡದಿದ್ದರೆ ಪೊಲೀಸು, ವಾರಂಟು. ಅದಾದ ಮೇಲೆ, "ಈಗ ಎಲ್ಲಿ ಕೆಲಸ ಮಾಡ್ತಿದ್ದಾನೆ ಅಷ್ಟು ಹೇಳಿ ಸಾಕು." ಅವರಿಗೆ ನಿಜವಾಗಿ ಬೇಕಾಗಿರೋದು ಇದೇ. ಅಲ್ಲಿಗೂ ಹೀಗೇ ನಾಲ್ಕು ದಿನ ಫೋನ್ ಮಾಡಿದರೆ ಗುತ್ತಿಗೆ ಹುಡುಗನ್ನ ತೆಗೆಯೋಕೆ ಒಂದು ಮಾತು ಸಾಕು, ನೋಟಿಸ್ ಕೂಡ ಬೇಕಿಲ್ಲ. ಕೆಲಸ ಹೋದ ಮೇಲೆ ಅವನು ಕಂತು ಕಟ್ಟೋದು ಎಲ್ಲಿಂದ ಅಂತ ಆ ಕಡೆಯವರು ಯೋಚಿಸಲ್ಲ. (ಮಾತಾಡುವ ಹುಡುಗನೂ ಟಾರ್ಗೆಟ್ ಹೊತ್ತ ಗುತ್ತಿಗೆಯವನೇ ಇರಬಹುದು. ಅವನ ಮೇಲೆ ನನಗೆ ಸಿಟ್ಟಿಲ್ಲ.)

ಸಿಟ್ಟು ಬಂದದ್ದು ನಮ್ಮ ಕೇಸ್ ವರ್ಕರ್ ಒಬ್ಬರು ಅಲ್ಮೇರಾದಿಂದ ಆ ಹುಡುಗನ ಕಡತ ತೆಗೆದು ಫೋನಿನಲ್ಲಿ ಓದೋಕೆ ಕೂತಾಗ. ಅದರಲ್ಲಿ ಮನೆ ವಿಳಾಸ, ಅಪ್ಪನ ನಂಬರ್, ಜಾತಿ ಪ್ರಮಾಣಪತ್ರದ ಜೆರಾಕ್ಸ್ ಎಲ್ಲ ಇದೆ. ಯಾರ ಲಿಖಿತ ಆದೇಶದ ಮೇಲೆ ಕೊಡ್ತಿದ್ದೀರಿ ಅಂತ ಕೇಳಿದೆ. "ಸಾಲ ತಗೊಂಡು ಓಡಿಹೋದವನಿಗೆ ಏನ್ ಮರ್ಯಾದೆ ಬಿಡಿ ಸಾರ್" ಅಂದರು. ಇವರದೇ ಗೃಹಸಾಲ, ಕಾರಿನ ಸಾಲ ಎಷ್ಟಿದೆ ಅಂತ ನನಗೂ ಗೊತ್ತು, ಬಾಯಿಬಿಡಲಿಲ್ಲ. ಕಡತ ಈಸ್ಕೊಂಡು ಅಲ್ಮೇರಾದಲ್ಲಿಟ್ಟೆ.

ಅವತ್ತೇ ಒಂದು ಪುಟದ ಟಿಪ್ಪಣಿ ಮಂಡಿಸಿದೆ. ಹಾಲಿ ಅಥವಾ ಮಾಜಿ ನೌಕರರ ಯಾವ ವಿವರವನ್ನೂ ದೂರವಾಣಿಯಲ್ಲಿ ಕೊಡತಕ್ಕದ್ದಲ್ಲ, ಕೇಳುವವರು ಲಿಖಿತವಾಗಿ ಕೇಳಲಿ ಅಂತ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯನ್ನೂ ಲಗತ್ತಿಸಿದೆ. ವಸೂಲಿ ಏಜೆಂಟರು ಸಾಲಗಾರನನ್ನ ಸಾರ್ವಜನಿಕವಾಗಿ ಅವಮಾನ ಮಾಡಬಾರದು, ಅವನ ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈ ಹಾಕಬಾರದು, ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರನಿಗೆ ಫೋನ್ ಮಾಡಬಾರದು ಅಂತ ಅದರಲ್ಲಿದೆ. ಸಾಹೇಬರು ಎರಡು ದಿನ ಇಟ್ಟುಕೊಂಡು ಸಹಿ ಹಾಕಿದರು.

ಈಗ ಫೋನ್ ಬಂದರೆ ನಾನು ಕೇಳೋದು ಮೂರೇ: ನಿಮ್ಮ ಹೆಸರು, ಯಾವ ಕಂಪನಿ ಪರವಾಗಿ, ಅಧಿಕಾರ ಪತ್ರ ಇದೆಯಾ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸಮಯ, ನಂಬರ್ ಬರೀತೀನಿ. ಬರೀತಿದ್ದೀನಿ ಅಂತ ಅವರಿಗೂ ಹೇಳ್ತೀನಿ. ಅರ್ಧ ಜನ ಅಲ್ಲಿಗೇ ಕಟ್ ಮಾಡ್ತಾರೆ. ವಾರಂಟ್ ಅಂದರೆ ನಂಬರ್ ಹೇಳಿ ಅಂತೀನಿ. ಸಾಲ ಕಟ್ಟೋಕೆ ಆಗದಿರೋದು ಸಿವಿಲ್ ವ್ಯವಹಾರ (ಚೆಕ್ ಬೌನ್ಸ್ ಬೇರೆ ಕಥೆ). ಸಂಬಳ ಹಿಡಿಯೋಕೆ ಕೋರ್ಟಿನ ಆದೇಶ ಬೇಕು, ಕೆಲಸ ಬಿಟ್ಟವನ ಸಂಬಳ ನಮ್ಮಲ್ಲಿ ಇಲ್ಲವೇ ಇಲ್ಲ.

ಕಾನೂನು ಗೊತ್ತಿದ್ದ ಮಾತ್ರಕ್ಕೆ "ನಿಮ್ಮವನು" ಅನ್ನೋದು ನಿಲ್ಲಲ್ಲ. ಸಾಲ ಕೊಟ್ಟ ಗೌಡರು ಹಟ್ಟಿ ಮುಂದೆ ನಿಂತು ಕೂಗೋದನ್ನ, ಜೀತಕ್ಕೆ ಎಳ್ಕೊಂಡು ಹೋಗೋದನ್ನ ನಮ್ಮ ಹಿರೀಕರು ಕಂಡಿದ್ದಾರೆ. ಜೀತ 1976ರ ಕಾಯ್ದೆಯಲ್ಲಿ ರದ್ದಾಯಿತು. ಆ ಕೂಗು ಈಗ ಫೋನಿನಲ್ಲಿ ಬರ್ತಿದೆ, ಕೇಳಿಸಿಕೊಳ್ಳೋಕೆ ಕೇರಿಯ ಬದಲು ಕಚೇರಿ ಇದೆ. ಸೂಪರಿಂಟೆಂಡೆಂಟ್‌ಗೆ ಒಂದು ಸಲ ಎಲ್ಲರ ಎದುರೇ ಹೇಳಿದೆ: "ಸಾರ್, ಫೋನು ಕಚೇರಿಗೆ ಬಂದದ್ದು, ನನಗಲ್ಲ. ಇನ್ನೊಂದು ಸಲ ನಿಮ್ಮವನು ಅಂದರೆ ಅದನ್ನೂ ಇದೇ ಪುಸ್ತಕದಲ್ಲಿ ಬರ್ಕೊಳ್ತೀನಿ." ಈಗ ಅವರೇ ಉತ್ತರಿಸಿ ಇಡ್ತಾರೆ. ಕೆಲವು ದಿನ ನನ್ನ ಜೊತೆ ಟೀಗೆ ಬರಲಿಲ್ಲ. ನಡೀತದೆ.

ಹುಡುಗನಿಗೆ ನನ್ನ ಮೊಬೈಲಿಂದ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ, ನಾನೂ ವಸೂಲಿಯವನೇ ಅಂದುಕೊಂಡಿದ್ದ. ಹೆಸರು ಹಾಕಿ ಮೆಸೇಜ್ ಮಾಡಿದ ಮೇಲೆ ಎತ್ತಿದ. ಮೊದಲು ಕೇಳಿದ್ದು: "ಅಣ್ಣಾ, ಆಫೀಸಲ್ಲಿ ಎಲ್ರಿಗೂ ಗೊತ್ತಾಯ್ತಾ?" ಸುಳ್ಳು ಹೇಳೋಕೆ ಆಗಲಿಲ್ಲ. ಗೊತ್ತಾಗಿದೆ ಮಗಾ, ಆದರೆ ನಿನ್ನ ನಂಬರ್ ಯಾರೂ ಕೊಟ್ಟಿಲ್ಲ ಅಂದೆ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಸಾಲ ಕಟ್ಟಲ್ಲ ಅಂತ ಅವನು ಹೇಳಿಲ್ಲ, ಕಂತು ಇಳಿಸಿ ಅಂತ ಕೇಳ್ತಿದ್ದಾನೆ.

ಕಂಪನಿಗೆ ಇಮೇಲಿನಲ್ಲಿ ದೂರು ಹಾಕಿಸಿದ್ದೀನಿ, ನನ್ನ ಪುಸ್ತಕದ ಪುಟಗಳ ಫೋಟೋ ಸಮೇತ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನಿಗೆ ದೂರು. ಖರ್ಚಿಲ್ಲ, ವಕೀಲರೂ ಬೇಕಿಲ್ಲ, ಮಾಹಿತಿಗೆ 14448. ಇವತ್ತಿಗೆ 11 ದಿನ ಆಯ್ತು.

ನಿಮ್ಮ ಕಚೇರಿ, ಶಾಲೆ, ಗಾರ್ಮೆಂಟ್ಸಿಗೂ ಇಂಥ ಫೋನ್ ಬರ್ತಿದ್ದರೆ ಟಿಪ್ಪಣಿಯ ಕನ್ನಡ ನಮೂನೆ ನನ್ನ ಹತ್ತಿರ ಇದೆ. ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಹೆಸರು, ಇಲಾಖೆ ಕಾಮೆಂಟಿನಲ್ಲಿ ಬರೀಬೇಡಿ.