ಪತ್ರ ಬರೆದುಕೊಡಿ, ಮೇಷ್ಟ್ರೇ

ಸಂಜೆ ಆರಾಯಿತೆಂದರೆ ನಮ್ಮ ಜಗಲಿಯ ಮೇಲೆ ಶಾಲೆಯ ಚೀಲಗಳು ಬಂದು ಬೀಳುತ್ತವೆ. ಎಸ್ಸೆಸ್ಸೆಲ್ಸಿಯವರು ಮೂವರು, ಪಿಯುಸಿಯ ಹುಡುಗ ಒಬ್ಬ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ 30 ವರ್ಷ ಕನ್ನಡ ಕಲಿಸಿದವನು ನಾನು. ಸಂಜೆ ಹೊತ್ತು ಮಕ್ಕಳ ದನಿ ಕಿವಿಗೆ ಬೀಳದಿದ್ದರೆ ಊಟ ಸೇರುವುದಿಲ್ಲ.

ಮೊನ್ನೆ ಹತ್ತನೆಯ ತರಗತಿಯ ಹುಡುಗಿ ಗೈಡು ಹಿಡಿದು ಬಂದಳು. "ಮೇಷ್ಟ್ರೇ, ಬಸ್ಸು ಬಿಡಿ ಅಂತ ಡಿಪೋ ಮ್ಯಾನೇಜರಿಗೆ ಪತ್ರ. ಬರೆದುಕೊಡಿ, ನಾಳೆ ತೋರಿಸ್ಬೇಕು." ಗೈಡಿನ ಪತ್ರದಲ್ಲಿ ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಎಲ್ಲ ಅದರದರ ಜಾಗದಲ್ಲೇ ಇದ್ದವು. ಒಡಲಿನಲ್ಲಿ ಮಾತ್ರ ‘ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತಿದೆ’ ಎಂಬುದು ಬಿಟ್ಟರೆ ಒಂದು ಊರಿನ ಹೆಸರಿಲ್ಲ, ಒಂದು ಹೊತ್ತಿಲ್ಲ. ಅದನ್ನು ಓದಿ ಯಾರು ತಾನೇ ಬಸ್ಸು ಬಿಟ್ಟಾರು?

"ನಿನಗೆ ಬಸ್ಸು ಸಿಗುತ್ತೇನಮ್ಮಾ?" ಎಂದೆ.

"7.20ಕ್ಕೆ ಒಂದಿದೆ ಮೇಷ್ಟ್ರೇ. ಅದು ತಪ್ಪಿದ್ರೆ ಹತ್ತಕ್ಕೇ."

"ಎಷ್ಟು ಮಕ್ಕಳು ಬರ್ತೀರಿ?"

ಬೆರಳು ಮಡಚಿ ಎಣಿಸಿದಳು. 17. "ಇದನ್ನೇ ಬರಿ" ಎಂದೆ. ಮೊದಲು ‘ತುಂಬಾ ತೊಂದರೆ’ ಎಂದೇ ಬರೆದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ಆಮೇಲೆ ತಾನೇ ಅದನ್ನು ಹೊಡೆದುಹಾಕಿ, ‘ನಾವು 17 ಮಕ್ಕಳು ತಿಂಡಿ ತಿನ್ನದೆ ಬಂದು, ಶಾಲೆಯ ಬೀಗ ತೆಗೆಯುವವರೆಗೆ ಗೇಟಿನ ಹೊರಗೆ ನಿಲ್ಲುತ್ತೇವೆ’ ಎಂದು ಬರೆದಳು. ಓದಿ ನನ್ನ ಕಣ್ಣು ತುಂಬಿತು.

ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಕಿರಿಯರಿಗೆ ‘ಚಿರಂಜೀವಿ’ ಎಂದು ನಮ್ಮ ಹಿರಿಯರು ಪತ್ರ ಶುರು ಮಾಡುತ್ತಿದ್ದರು. ಓದುವವರ ಮುಖ ಕಣ್ಣ ಮುಂದೆ ಬಂದ ಮೇಲೆಯೇ ಸುದ್ದಿ. ಅಂಕಕ್ಕಾಗಿ ಬರೆಯುವ ಪತ್ರದಲ್ಲಿ ಆ ಮುಖವೇ ಕಳೆದುಹೋಗಿದೆ.

ಪದ್ಯದ ಕಥೆಯೂ ಹೀಗೆಯೇ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಕುಮಾರವ್ಯಾಸನ ಭಾಗವನ್ನು ಮುಂದಿಟ್ಟುಕೊಂಡು "ಸಾರಾಂಶ ಹೇಳಿ" ಅನ್ನುತ್ತಾರೆ. ಭಾಮಿನಿ ಷಟ್ಪದಿಗೆ 102 ಮಾತ್ರೆ ಎಂಬುದು ಅವರಿಗೆ ಬಾಯಿಪಾಠ. ಪ್ರಸ್ತಾರ ಹಾಕುವುದೂ ಬರುತ್ತದೆ. ದನಿಯೆತ್ತಿ ಓದಿದ್ದು ಮಾತ್ರ ಒಮ್ಮೆಯೂ ಇಲ್ಲ. ತೊಡೆಯ ಮೇಲೆ ತಾಳ ಹಾಕಿಸಿ, ಮೂರು-ನಾಲ್ಕರ ನಡೆಯಲ್ಲಿ ಓದಿಸುತ್ತೇನೆ. ಮೂರನೆಯ ಸಾಲು ಉದ್ದಕ್ಕೆ ಹರಿದು ಗುರುವಿನ ಮೇಲೆ ನಿಂತಾಗ ಒಬ್ಬ ಕೇಳಿದ: "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಕೃಷ್ಣ?" ಯಾವ ಪ್ರಶ್ನೆಪತ್ರಿಕೆಯಲ್ಲೂ ಬಾರದ ಪ್ರಶ್ನೆ. ಅದನ್ನು ಕೇಳಿದ ಹುಡುಗನಿಗೆ ಸಾರಾಂಶವನ್ನು ನಾನು ಹೇಳಬೇಕಾಗಿ ಬರಲಿಲ್ಲ.

ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಪಿಯುಸಿ ಹುಡುಗನ ಜೊತೆ ನಾನೂ ಓದುತ್ತೇನೆ. ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತದೆ ಎಂದು ಪುಸ್ತಕ ಹೇಳುತ್ತದೆ. ಅವನು ಒಪ್ಪಲಿಲ್ಲ. ಅವರದು ಟೊಮ್ಯಾಟೊ ಬೆಳೆಯುವ ಮನೆ. "2023ರ ಜುಲೈನಲ್ಲಿ ಕೋಲಾರ ಮಂಡೀಲಿ 15 ಕೆ.ಜಿ. ಬಾಕ್ಸು 2,000 ದಾಟಿತ್ತು ಮೇಷ್ಟ್ರೇ. ನಮ್ಮಪ್ಪ ಅವತ್ತೇ ಎಲ್ಲಿಂದ ತರೋದು? ನಾಟಿ ಹಾಕಿ ಎರಡು ತಿಂಗಳಾದ್ರೂ ಕಾಯ್ಬೇಕು. ಎಲ್ಲರೂ ಹಾಕಿದ್ರೆ ಬಿಡಿಸೋ ಕೂಲೀನೂ ಹುಟ್ಟಲ್ಲ." ಈ ಹುಡುಗ ಹೇಳಿದ ಮಾತನ್ನೇ ಆಲ್‌ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ಮೀನಿನ ಮಾರುಕಟ್ಟೆಯನ್ನು ತೋರಿಸಿ ವಿವರಿಸಿದ್ದ: ಬೆಲೆಗೆ ಪೂರೈಕೆ ಓಗೊಡಲು ಕಾಲ ಬೇಕು, ಆ ಕಾಲ ಎಷ್ಟೆಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಹೇಳಿದಾಗ ಅವನ ಬೆನ್ನು ನೆಟ್ಟಗಾಯಿತು. ಅಪ್ಪನ ಮಂಡಿ ಚೀಟಿಗಳನ್ನು ಮರುದಿನ ಪುಸ್ತಕದ ನಡುವೆ ಇಟ್ಟುಕೊಂಡು ಬಂದ.

ಹುಡುಗಿಯ ಪತ್ರವನ್ನು ಶಾಲೆಯಲ್ಲಿ ತೋರಿಸಿದ ಮೇಲೆ ನಿಜವಾಗಿಯೂ ಅಂಚೆಗೆ ಹಾಕಿದೆವು. 17 ಮಕ್ಕಳ ಸಹಿಯಿತ್ತು. ಉತ್ತರಕ್ಕೆ ಕಾಯುತ್ತಿದ್ದೇವೆ.

ಮನೆಯಲ್ಲಿ ಓದುವ ಮಕ್ಕಳಿರುವವರಲ್ಲಿ ನನ್ನದೊಂದು ಕೋರಿಕೆ. ಉತ್ತರ ಬರೆದುಕೊಡಬೇಡಿ, ಅರ್ಧ ಗಂಟೆ ಪಕ್ಕದಲ್ಲಿ ಕೂತು ಕೇಳಿ. ಮಗು ಪತ್ರ ಬರೆದರೆ ಒಂದು ಲಕೋಟೆ ತಂದುಕೊಡಿ. ಅಂಚೆ ಕಚೇರಿಯಲ್ಲಿ ಅದಕ್ಕೆ 5 ರೂಪಾಯಿ.