ಕೊಬ್ಬರಿಯ ಸೀಮೆಯಲ್ಲಿ ಕುಡಿತ ಬಿಟ್ಟವರು

ತುಮಕೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲು ಬಾಣಸಂದ್ರವನ್ನು ದಾಟಿತೆಂದರೆ ಇಕ್ಕೆಲಗಳಲ್ಲಿಯೂ ತೆಂಗಿನ ತೋಟಗಳೇ ತೋಟಗಳು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬಾಳು ನಿಂತಿರುವುದು ಕೊಬ್ಬರಿಯ ಮೇಲೆ. ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ವರ್ಷದ ಬಹುಭಾಗ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಲೊಟಲೊಟನೆ ಸದ್ದಾದರೆ ಅದು ಉಂಡೆ ಕೊಬ್ಬರಿ. ಅವಸರಪಟ್ಟು ಒಡೆದವನಿಗೆ ದಕ್ಕುವುದು ಅರೆಹಸಿ ಕಾಯಿ.

ಇಷ್ಟು ತಾಳ್ಮೆಯಿಂದ ಕಾದ ಹಣ ತಿಪಟೂರಿನ ಮಾರುಕಟ್ಟೆಯಲ್ಲಿ ಒಮ್ಮೆಗೇ ಕೈಸೇರುತ್ತದೆ. ಅಲ್ಲಿಂದ ಮನೆಗೆ ಹೋಗುವ ದಾರಿಯಲ್ಲಿ ಹೆಂಡದಂಗಡಿ ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿಗಳ ಕಡೆಗೆ ಹೊರಳಿತು. ತೋಟದೊಡೆಯನಿಗೆ ಹೋಗುವುದು ಹಣ. ಮರ ಹತ್ತಿ ಕಾಯಿ ಕೀಳುವ ಕೂಲಿಯವನ ಕೈಕಾಲು ನಡುಗಿದರೆ ಹೋಗುವುದು ಪ್ರಾಣವೇ.

ಇಂಥವರಿಗಾಗಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಈ ಸೀಮೆಯಲ್ಲಿಯೂ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿವೆ. ಊರಿನ ಯಾವುದಾದರೊಂದು ಸಭಾಭವನದಲ್ಲಿ ಎಂಟು ದಿನಗಳ ವಾಸ. ಭಜನೆ, ಯೋಗಾಸನ, ಉಪದೇಶ. ಕರೆತರುವವರು ಬಹುಮಟ್ಟಿಗೆ ಹೆಂಡತಿಯರು, ತಾಯಂದಿರು. ಮೊದಲ ಮೂರು ದಿನಗಳೇ ಕಠಿಣ. ಹಳೆಯ ಕುಡುಕ ಥಟ್ಟನೆ ಬಿಟ್ಟರೆ ಮೈನಡುಕ ಹತ್ತುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ. ಇದು ಪ್ರಾಣಕ್ಕೇ ಎರವಾಗಬಹುದಾದ್ದರಿಂದ ಬಿ-1 ಜೀವಸತ್ವ ಕೊಟ್ಟು ನೋಡಿಕೊಳ್ಳುವ ವೈದ್ಯರಿರಬೇಕು. ಭಜನೆಯಿಂದಲೇ ಎಲ್ಲವೂ ಆಗುವುದೆಂದು ನಂಬುವವರು ಇದನ್ನು ಮರೆಯಬಾರದು.

ಕುಡುಕರನ್ನು ಒಂದೆಡೆ ಸೇರಿಸಿ, ದೇವರನ್ನು ಮುಂದಿಟ್ಟು, ಒಬ್ಬರ ಕಷ್ಟವನ್ನು ಇನ್ನೊಬ್ಬರು ಕೇಳುವಂತೆ ಮಾಡುವ ವಿಧಾನಕ್ಕೆ ಕ್ರೈಸ್ತರಲ್ಲಿ ದೀರ್ಘ ಪರಂಪರೆಯುಂಟು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರೂ ಕುಡಿತಕ್ಕೆ ಸೋತವರು, ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬೆಳೆದದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಮಡಿಲಲ್ಲಿ. ಮುಂಬಯಿಯ ಬಾಂದ್ರಾದಲ್ಲಿ ಪಾದ್ರಿ ಜೋ ಪೆರೇರಾ 1981ರಲ್ಲಿ ಸ್ಥಾಪಿಸಿದ ಕೃಪಾ ಫೌಂಡೇಶನ್ ಅದೇ ಹನ್ನೆರಡು ಮೆಟ್ಟಿಲುಗಳ ಜೊತೆಗೆ ಯೋಗಾಸನವನ್ನೂ ಸೇರಿಸಿತು. ಆ ಪಾದ್ರಿಯ ಯೋಗಗುರುಗಳು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್! ಇಂಥ ಆಶ್ರಯಧಾಮಗಳಲ್ಲಿ ಗಂಡಸರು ತಿಂಗಳುಗಟ್ಟಲೆ ಉಳಿಯುತ್ತಾರೆ; ಎದ್ದು ಪ್ರಾರ್ಥಿಸುವುದು, ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ಕುಡಿತದ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಇವೇ ದಿನಚರಿ.

ಎಂಟು ದಿನಗಳ ಶಿಬಿರದಲ್ಲಿ ಅಷ್ಟು ಅವಕಾಶವಿಲ್ಲ. ತೋಟ ಬಿಟ್ಟು ತಿಂಗಳುಗಟ್ಟಲೆ ಹೋಗಲು ಕೂಲಿಯವನಿಗೆ ಸಾಧ್ಯವೂ ಇಲ್ಲ. ಅದಕ್ಕಾಗಿಯೇ ಶಿಬಿರ ಮುಗಿಸಿದವರು ಊರಿನಲ್ಲಿ ‘ನವಜೀವನ ಸಮಿತಿ’ ಕಟ್ಟಿಕೊಂಡು ಆಗಾಗ ಕೂಡುತ್ತಾರೆ. ನಿಜವಾದ ಚಿಕಿತ್ಸೆ ಅಲ್ಲಿಂದ ಮೊದಲಾಗುತ್ತದೆಯೆಂದರೆ ಉತ್ಪ್ರೇಕ್ಷೆಯಲ್ಲ.

ಏಕೆಂದರೆ ಹೊರಗೆ ಜಾತ್ರೆಯ ಬಾಡೂಟವಿದೆ, ಮದುವೆಯ ಮರುದಿನದ ಬೀಗರ ಔತಣವಿದೆ. ‘ಒಂದೇ ಲೋಟ ಕಣಯ್ಯ, ನಮ್ಮ ಮಾನ ಉಳಿಸು’ ಎಂದು ಒತ್ತಾಯಿಸುವ ಭಾವಮೈದುನರಿದ್ದಾರೆ. ಕುಡಿತ ಬಿಟ್ಟವನು ಅಂಥ ಊಟದ ದಿನ ಬಾಗಿಲಿಗೆ ಹತ್ತಿರದ ಪಂಕ್ತಿಯಲ್ಲಿ ಕುಳಿತು, ಮುದ್ದೆ ಮುಗಿಸಿ, ಕೈತೊಳೆದವನೇ ಹೆಂಡತಿಯನ್ನು ಕರೆದುಕೊಂಡು ಕತ್ತಲಾಗುವ ಮೊದಲೇ ಊರ ದಾರಿ ಹಿಡಿಯುತ್ತಾನೆ.