ಒಂದೇ ಮನೆತನದ ಮೂರು ಮದ್ದುಗಳು

ಪ್ಲಾಟಿನಂ ಎಂದೊಡನೆ ಆಭರಣದಂಗಡಿ ನೆನಪಾಗುತ್ತದೆ. ಕ್ಯಾನ್ಸರ್ ವಾರ್ಡಿನಲ್ಲಿ ಕಾದು ಕುಳಿತ ತಂದೆತಾಯಿಗೆ ಮಾತ್ರ ಅದು ಮಗುವಿನ ಮೈಗೆ ಹನಿಹನಿಯಾಗಿ ಇಳಿಯುವ ಔಷಧಿ.

1965ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿದ್ದ ದ್ರಾವಣದಲ್ಲಿ ವಿದ್ಯುತ್ ಹರಿಸಿ ನೋಡಿದರು. ಅವು ಉದ್ದುದ್ದ ಬೆಳೆದವೇ ಹೊರತು ಎರಡಾಗಿ ಒಡೆಯಲಿಲ್ಲ. ಅದಕ್ಕೆ ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ವಿದ್ಯುದ್ವಾರದಿಂದ ಕರಗಿ ಬಂದ ಸಂಯುಕ್ತ! ಆ ಜಾಡು ಹಿಡಿದು ಹೊರಟಾಗ ಸಿಕ್ಕಿದ್ದೇ ಸಿಸ್‌ಪ್ಲಾಟಿನ್. 1978ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಹರಡಿದ ವೃಷಣದ ಕ್ಯಾನ್ಸರನ್ನೂ ಗುಣಪಡಿಸಬಹುದೆಂದು ಅದು ತೋರಿಸಿಕೊಟ್ಟಿತು.

ಆದರೆ ಗುಣದ ಜೊತೆಗೆ ಕಾಟವೂ ಬಂತು. ಕರುಳು ಕಿತ್ತುಬರುವಂಥ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು, ಕಿವಿಗೆ ಹಾನಿ. 1989ರಲ್ಲಿ ಒಪ್ಪಿಗೆ ಪಡೆದ ತಮ್ಮ ಕಾರ್ಬೋಪ್ಲಾಟಿನ್ ಮೂತ್ರಪಿಂಡದ ಮೇಲೆ ಅಷ್ಟು ಮುನಿಯುವುದಿಲ್ಲ, ವಾಂತಿಯೂ ಕಡಿಮೆ. ಅದರ ಕೋಪವೆಲ್ಲ ಅಸ್ಥಿಮಜ್ಜೆಯ ಮೇಲೆ. ರಕ್ತದ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. ಮೂರನೆಯದಾದ ಆಕ್ಸಾಲಿಪ್ಲಾಟಿನ್ ದೊಡ್ಡ ಕರುಳಿನ ಕ್ಯಾನ್ಸರಿಗೆ ಹೆಚ್ಚು ಬಳಕೆಯಾಗುತ್ತದೆ. ಅದನ್ನು ಪಡೆದವರಿಗೆ ತಣ್ಣೀರು ಮುಟ್ಟಿದರೂ ಬೆರಳು ಜುಮ್ಮೆನ್ನುತ್ತದೆ.

ಮೂರೂ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡೇ ಕೆಲಸ ಮಾಡುತ್ತವೆ. ಹಾಗೆಂದು ಒಂದರ ಬದಲು ಇನ್ನೊಂದು ಎನ್ನುವಂತಿಲ್ಲ. ಮಗನ ಒದ್ದಾಟ ನೋಡಲಾರದ ತಾಯಿ, "ಡಾಕ್ಟ್ರೇ, ಸೌಮ್ಯವಾದದ್ದನ್ನೇ ಕೊಡಬಾರದೇ?" ಎಂದು ಕೇಳುವುದು ಸಹಜ. ಆದರೆ ವೃಷಣದ ಕ್ಯಾನ್ಸರಿನಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಕಾರ್ಬೋಪ್ಲಾಟಿನ್ ಹಿಂದೆ ಬಿತ್ತು. ಹದಿಹರೆಯದವರನ್ನು ಕಾಡುವ ಮೂಳೆ ಕ್ಯಾನ್ಸರಿಗೂ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ನೇ ಬೇಕು. ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರಿನಲ್ಲಿ ಮಾತ್ರ ಕಾರ್ಬೋಪ್ಲಾಟಿನ್‌ಗೆ ಮೊದಲ ಮಣೆ. ಯಾವುದು ಮೇಲು ಎಂಬುದಕ್ಕಿಂತ ಯಾವ ರೋಗಕ್ಕೆ ಎಂಬುದೇ ಮುಖ್ಯ.

ಸಿಸ್‌ಪ್ಲಾಟಿನ್ನಿಂದ ಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳಿ ಬಾರದು. ಮೊದಲು ಹೋಗುವುದು ಕೀಚಲು ಸ್ವರಗಳು. ಮಗು ಕರೆದರೆ ಓಗೊಡುತ್ತದೆ. ಆದರೆ ತರಗತಿಯ ಗದ್ದಲದಲ್ಲಿ 'ಸ', 'ಶ'ಗಳು ಜಾರಿಹೋಗುತ್ತವೆ. ಬದುಕಿ ಬಂದ ಹುಡುಗನಿಗೆ ಶಾಲೆಯಲ್ಲಿ 'ಗಮನವಿಲ್ಲದವನು' ಎಂಬ ಹೆಸರು ಬಂದರೆ ಅದಕ್ಕಿಂತ ಅನ್ಯಾಯ ಬೇರೆ ಉಂಟೇ?

ಆದ್ದರಿಂದ ಚಿಕಿತ್ಸೆಗೆ ಮೊದಲೂ, ನಡುವೆಯೂ, ಮುಗಿದ ಮೇಲೂ ಶ್ರವಣ ಪರೀಕ್ಷೆ ಮಾಡಿಸಬೇಕು. ಗಡ್ಡೆ ಬೇರೆಡೆಗೆ ಹರಡಿರದ ಮಕ್ಕಳಲ್ಲಿ ಈ ಹಾನಿಯನ್ನು ತಗ್ಗಿಸಲು, ಸಿಸ್‌ಪ್ಲಾಟಿನ್ ಮುಗಿದ ಆರು ಗಂಟೆಯ ಬಳಿಕ ಕೊಡುವ ಸೋಡಿಯಂ ಥಯೋಸಲ್ಫೇಟಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ತಮ್ಮ ಮಗುವಿಗೆ ಹೊಂದುವುದೇ ಎಂದು ಪೋಷಕರು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು. ಶಾಲೆಗೆ ಮರಳಿದ ಮಗುವಿಗೆ ಮುಂದಿನ ಬೆಂಚಿನಲ್ಲಿ ಜಾಗ ಕೊಡಲು ಮೇಷ್ಟ್ರಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ.